ಬೀಗರು ಕುಡಿಯದೆ ಹೋದ ಚಹಾ

ನಮ್ಮ ಬೀಗರ ಹುಬ್ಬುಗಳು ದಪ್ಪಗಿದ್ದವು, ಪೂರ್ತಿ ಬೆಳ್ಳಗಿದ್ದವು. ಚಹಾದ ಗ್ಲಾಸಿಗೆ ಮುಚ್ಚಿದ ತಟ್ಟೆಯನ್ನು ತೆಗೆದು ಅವರು ಮುಖ ಬಗ್ಗಿಸಿದರೆ ಹಬೆಯೆಲ್ಲ ಆ ಹುಬ್ಬಿಗೆ ಹೋಗಿ ಕೂರುತ್ತಿತ್ತು. ತಲೆ ಎತ್ತಿದಾಗ ಕೂದಲ ತುದಿಯಲ್ಲಿ ಸಣ್ಣ ಸಣ್ಣ ಹನಿಗಳು ನಿಂತಿರುತ್ತಿದ್ದವು. ಒರೆಸಿಕೊಳ್ಳುತ್ತಿರಲಿಲ್ಲ. ಕನ್ನಡಕವನ್ನು ಹಣೆಗೇರಿಸಿ, ಕಣ್ಣು ಮುಚ್ಚಿ, ಇನ್ನೊಮ್ಮೆ ಮೂಸುತ್ತಿದ್ದರು. ಆಮೇಲೆ ಗ್ಲಾಸನ್ನು ಮಗಳ ಕಡೆ ಸರಿಸುತ್ತಿದ್ದರು. ತಾವು ಕುಡಿಯುತ್ತಿರಲಿಲ್ಲ.

ಅವರ ಮಗಳು ನನ್ನ ಸೊಸೆ. ಮದುವೆಯಾದ ಮೇಲೆ ಅಷ್ಟು ವರ್ಷ ಬಂದು ಹೋದರೂ ಬೀಗರು ಮುಂಬೈಯ ಕಾಂದಿವಲಿಯ ನಮ್ಮ ಮನೆಯಲ್ಲಿ ಒಂದು ಗುಟುಕು ಚಹಾ ಕುಡಿಯಲಿಲ್ಲ. ಅದಕ್ಕೆ ಕಾರಣ ನಾನು. ಇದನ್ನು ಯಾರಿಗಾದರೂ ಹೇಳಲೇಬೇಕು ಅನ್ನಿಸಿ ಬರೆಯುತ್ತಿದ್ದೇನೆ.

ಬೀಗರು ಬಾಗಲಕೋಟೆ ಕಡೆಯವರು. ಬಂದರಿನಲ್ಲಿ ಕ್ಲಾರ್ಕ್ ಆಗಿದ್ದು ನಿವೃತ್ತರಾಗಿ ವಡಾಲದ ಕಾಲೊನಿಯೊಂದರಲ್ಲಿ ಒಬ್ಬರೇ ಇದ್ದರು. ಹೆಂಡತಿ ತೀರಿಹೋಗಿದ್ದರು. ನೌಕರಿಯಲ್ಲಿದ್ದಾಗ ಗೋದಾಮಿಗೆ ಬರುತ್ತಿದ್ದ ಚಹಾ ಪೆಟ್ಟಿಗೆಗಳ ವಾಸನೆ ಹಿಡಿದು ಈ ಚಟ ಹತ್ತಿತಂತೆ. ಎಲೆ ಚಹಾದ ಚಟ. ಡಾರ್ಜಿಲಿಂಗ್, ಅಸ್ಸಾಂ, ನೀಲಗಿರಿ, ಕಾಂಗ್ರಾದ ಹಸಿರು ಎಲೆ, ಹೀಗೆ ಒಂದೊಂದು ಸಲ ಒಂದೊಂದು. ಗ್ರಾಂಟ್ ರೋಡಿನ ಒಂದು ಅಂಗಡಿಯಿಂದ ಸ್ವಲ್ಪ ಸ್ವಲ್ಪವೇ ಕಟ್ಟಿಸಿಕೊಂಡು ಬರುತ್ತಿದ್ದರು. ಬೇರೆಯವರು ಮಗಳ ಮನೆಗೆ ಪೇಢೆಯನ್ನೋ ಹಣ್ಣನ್ನೋ ತರುತ್ತಾರೆ. ಇವರು ಭಾನುವಾರ ಹಾರ್ಬರ್ ಲೈನಿನಲ್ಲಿ ಗೋರೆಗಾಂವ್‌ವರೆಗೆ ಬಂದು, ಅಲ್ಲಿ ಗಾಡಿ ಬದಲಿಸಿ, ಕೈಚೀಲದಲ್ಲಿ ಚಹಾದ ಪೊಟ್ಟಣಗಳನ್ನು ಹೊತ್ತು ನಮ್ಮ ಮೂರನೇ ಮಹಡಿ ಹತ್ತುತ್ತಿದ್ದರು. ಬಂದವರೇ ಕೈ ತೊಳೆದು ಸೀದಾ ಅಡುಗೆಮನೆಗೆ. ನನ್ನ ಹೆಂಡತಿಗೆ ಮೊದಮೊದಲು ಸಂಕೋಚವಾಗುತ್ತಿತ್ತು. ಆಮೇಲೆ ಭಾನುವಾರ ಬೆಳಿಗ್ಗೆ ಒಲೆಯ ಒಂದು ಬದಿಯನ್ನು ಅವರಿಗೆಂದೇ ಖಾಲಿ ಬಿಡತೊಡಗಿದಳು.

ಮೊದಲು ಒಣ ಎಲೆಯನ್ನು ಅಂಗೈಯಲ್ಲಿ ಹಾಕಿಕೊಂಡು ಅದರ ಮೇಲೆ ಹಾ ಎಂದು ಬಾಯಿಯ ಬಿಸಿಗಾಳಿ ಬಿಟ್ಟು ಮೂಸುತ್ತಿದ್ದರು. ಗ್ಲಾಸಿಗೆ ಬಿಸಿನೀರು ಹಾಕಿ, ಅಲ್ಲಾಡಿಸಿ, ಚೆಲ್ಲಿ, ಗ್ಲಾಸು ಬೆಚ್ಚಗಾದ ಮೇಲೆ ಎಲೆ ಹಾಕುತ್ತಿದ್ದರು. ಹಸಿರು ಎಲೆಯಾದರೆ ಕುದ್ದ ನೀರನ್ನು ಒಲೆಯಿಂದಿಳಿಸಿ ತಡೆಯುತ್ತಿದ್ದರು. ಅಸ್ಸಾಮಿಗೆ ತಡೆಯುತ್ತಿರಲಿಲ್ಲ. ನಾವು ಅವಸರ ಮಾಡಿದರೆ, "ಎಲಿಗೆ ದಬಾಯಿಸಬಾರದ್ರಿ. ತಾನಾಗೇ ಬಾಯಿ ಬಿಡ್ಲಿ" ಎನ್ನುತ್ತಿದ್ದರು. ಸುರುಳಿ ಸುತ್ತಿಕೊಂಡಿದ್ದ ಎಲೆ ನೀರಿನಲ್ಲಿ ಮೆಲ್ಲಗೆ ಬಿಚ್ಚಿಕೊಳ್ಳುವುದನ್ನು, ಮಗು ಮುಷ್ಟಿ ಬಿಡಿಸುವುದನ್ನು ನೋಡುವವರ ಹಾಗೆ ನೋಡುತ್ತಿದ್ದರು.

ಸೋಸಿದ ಮೇಲೆ ಮಗಳಿಗೆ ಕೊಟ್ಟು ಎದುರು ನಿಲ್ಲುತ್ತಿದ್ದರು.

"ಹೇಳ್ ನೋಡೂಣು."

ಸೊಸೆ ಮುಂಬೈಯಲ್ಲೇ ಹುಟ್ಟಿ ಬೆಳೆದವಳು. ಕನ್ನಡದ ನಡುವೆ ಹಿಂದಿ ಬೆರೆಸುತ್ತಾಳೆ. ಜೋರಾಗಿ ಸದ್ದು ಮಾಡಿ ಒಂದು ಗುಟುಕು ಎಳೆದು, ಬಾಯಲ್ಲಿ ಆಡಿಸಿ ನುಂಗುತ್ತಿದ್ದಳು. "ಅಪ್ಪಾ, ಏಕದಮ್ ಹಸಿ ಬಟಾಣಿ ಸಿಪ್ಪಿ ಹಂಗೈತಿ. ಆಮ್ಯಾಲ ಥೋಡಾ ಸಿಹಿ."

"ಸಿಹಿ ನಾಲಿಗಿ ಮ್ಯಾಲೋ, ಗಂಟಲದಾಗೋ?"

"ಗಂಟಲದಾಗ."

"ಹಾಂ!" ಎಂದು ಅವರು ತೊಡೆ ತಟ್ಟಿಕೊಳ್ಳುತ್ತಿದ್ದರು. ಅವಳ ನಾಲಿಗೆಯಿಂದ ತಾವೇ ಕುಡಿದವರಂತೆ ಅವರ ಗಂಟಲೂ ಒಮ್ಮೆ ಮೇಲೆ ಕೆಳಗೆ ಆಡುತ್ತಿತ್ತು. ನಾನು ಅದನ್ನು ನೋಡಿದ್ದೇನೆ. ನೋಡಿಯೂ ಸುಮ್ಮನಿದ್ದೇನೆ.

ನಮ್ಮ ಮನೆತನಗಳಲ್ಲಿ ಒಂದು ರೂಢಿಯಿದೆ. ಮಗಳನ್ನು ಕೊಟ್ಟ ಮನೆಯಲ್ಲಿ, ಅವಳಿಗೊಂದು ಮಗುವಾಗುವ ತನಕ, ತಂದೆಯಾದವನು ಅನ್ನ ನೀರು ಮುಟ್ಟುವುದಿಲ್ಲ. ಇದಕ್ಕೊಂದು ಬಿಡುಗಡೆಯೂ ಇದೆ. ಗಂಡಿನ ತಂದೆ ಕೈಯಾರೆ ಬೀಗನ ಬಾಯಿಗೆ ಚಿಟಿಕೆ ಸಕ್ಕರೆ ಹಾಕಿ, "ಇನ್ನ ಇದು ನಿಮ್ಮ ಮನಿ, ಉಣ್ರಿ" ಅಂದರೆ ಮುಗಿಯಿತು. ಎಷ್ಟೋ ಜನ ಮದುವೆಯಾದ ಮೊದಲ ದೀಪಾವಳಿಗೇ ಹಾಕಿಬಿಡುತ್ತಾರೆ. ಸಕ್ಕರೆ ಹಾಕುವುದು ಗಂಡಿನ ಕಡೆಯವರ ದೊಡ್ಡತನ. ಬೀಗನೇ ಬಾಯಿಬಿಟ್ಟು ಕೇಳುವಂತಿಲ್ಲ.

ಬೀಗರು ಈ ರೂಢಿಯನ್ನು ಎಷ್ಟು ನಯವಾಗಿ ಪಾಲಿಸುತ್ತಿದ್ದರೆಂದರೆ, ಚೀಲದಲ್ಲಿ ತಮ್ಮದೇ ನೀರಿನ ಬಾಟಲಿ ಇದ್ದರೂ ಅದನ್ನು ನಮ್ಮ ಬಾಗಿಲೊಳಗೆ ತೆಗೆಯುತ್ತಿರಲಿಲ್ಲ. ಹಾಗೆ ಮಾಡಿದರೆ ನಮಗೆ ಅವಮಾನ ಎಂದು ಅವರ ಎಣಿಕೆ. ಮೆಟ್ಟಿಲಿಗೆ ಹೋಗಿ ಕುಡಿದು ಬರುತ್ತಿದ್ದರು.

ನಾನು ಯಾಕೆ ಸಕ್ಕರೆ ಹಾಕಲಿಲ್ಲ? ಕಾರಣ ಹೇಳಲು ನಾಚಿಕೆಯಾಗುತ್ತದೆ, ಅಷ್ಟು ಸಣ್ಣದು. ಸಂಬಂಧದ ಮಾತುಕತೆಗೆ ಅವರು ಮೊದಲ ಸಲ ನಮ್ಮ ಮನೆಗೆ ಬಂದಿದ್ದರು. ಆಗಿನ್ನೂ ಬೀಗರಲ್ಲ, ಹಾಗಾಗಿ ಚಹಾ ಕುಡಿದರು. ಊರಿಂದ ನನ್ನ ಅಣ್ಣಂದಿರು, ಸೋದರಮಾವ ಎಲ್ಲ ಬಂದು ಕೂತಿದ್ದರು. ನಾನು ಹುರುಪಿನಿಂದ, "ಹೆಂಗೈತ್ರಿ ನಮ್ಮನಿ ಚಹಾ?" ಎಂದು ಕೇಳಿದೆ. ಅವರು ಬಟ್ಟಲು ಕೆಳಗಿಟ್ಟು, ಸುಳ್ಳು ಹೇಳಲಾಗದೆ ಒಂದು ಕ್ಷಣ ತಡವರಿಸಿ, "ಹಾಲು ಭಾಳ ಚಲೋ ಅದಾವ್ರಿ" ಎಂದರು.

ನನ್ನ ಸೋದರಮಾವ ಬಿದ್ದು ಬಿದ್ದು ನಕ್ಕ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಅದು ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಉಳಿಯಿತು. ಮದುವೆಯಾದ ಮೇಲೆ ಮೊದಲ ದೀಪಾವಳಿ ಬಂತು. ಹೆಂಡತಿ ಸಕ್ಕರೆ ಡಬ್ಬಿ ತಂದು ಮುಂದಿಟ್ಟಳು. "ಇರ್ಲಿ ಬಿಡು, ಅವಸರೇನೈತಿ" ಎಂದೆ. ಮುಂದಿನ ವರ್ಷವೂ ಹಾಗೇ ಅಂದೆ. ನಮ್ಮ ಚಹಾದಲ್ಲಿ ಕುಂದು ಹುಡುಕಿದವನು ನನ್ನ ಅಪ್ಪಣೆಯಿಲ್ಲದೆ ನನ್ನ ಮನೆಯಲ್ಲಿ ನೀರೂ ಕುಡಿಯಲಾರ ಅನ್ನುವುದು ಒಳಗೊಳಗೇ ನನಗೆ ಹಿತವಾಗಿತ್ತು.

ಹೆಂಡತಿ ಬಿಡುತ್ತಿರಲಿಲ್ಲ. "ನಮ್ಮಪ್ಪಗ ನಿಮ್ಮಪ್ಪ ಲಗ್ನಾದ ವರ್ಷಾನೇ ಸಕ್ಕರಿ ತಿನಿಸಿದ್ರು. ನಿಮ್ಮ ಕೈಗೇನು ಲಕ್ವಾ ಹೊಡದೈತೇನು?" ಎಂದು ಚುಚ್ಚುತ್ತಿದ್ದಳು. ನಾನು ಪೇಪರು ಅಡ್ಡ ಹಿಡಿಯುತ್ತಿದ್ದೆ.

ಬೀಗರು ಎಲ್ಲ ಬಲ್ಲವರೇನಲ್ಲ. ಒಂದು ಭಾನುವಾರ ಗ್ಲಾಸು ಮೂಸಿ, "ಇದು ಡಾರ್ಜಿಲಿಂಗಿನ ಮೊದಲ ಚಿಗುರು. ಎಂಥಾ ಪರಿಮಳ ನೋಡ್ರಿ, ಹೂವಿನ ಪ್ಯಾಟಿಗೆ ಹೋದಂಗ ಆಗ್ತೈತಿ" ಎಂದು ದೊಡ್ಡ ಭಾಷಣವನ್ನೇ ಮಾಡಿದರು. ಸೊಸೆ ಒಂದು ಗುಟುಕು ಕುಡಿದು ನಗಲು ಶುರುಮಾಡಿದಳು.

"ಅಪ್ಪಾ, ಇದು ಹೋದ ಸಲದ ನೀಲಗಿರಿ! ಪುಡಕಿ ಅದಲು ಬದಲಾಗೈತಿ. ಕಿತ್ತಳಿ ಸಿಪ್ಪಿ ವಾಸನಿ ಬರಾಕತ್ತೈತಿ, ಪಕ್ಕಾ ನೀಲಗಿರಿ."

"ಏ, ಇಲ್ಲವಾ. ಇನ್ನೊಮ್ಮಿ ಕುಡದು ನೋಡು."

"ಕುಡದೇ ಹೇಳಾಕತ್ತೇನಿ."

ಬೀಗರು ಇನ್ನೊಮ್ಮೆ ಮೂಸಿದರು, ಬೆರಳಿನಿಂದ ಎಲೆ ತಿಕ್ಕಿ ನೋಡಿದರು. ಮುಖ ಸಪ್ಪಗಾಯಿತು, ತಾವೂ ನಕ್ಕರು. "ಮೂಗಿಗೂ ವಯಸ್ಸಾತು ಬಿಡ್ರಿ."

ಎಲ್ಲರೂ ನಗುತ್ತಿದ್ದೆವು. ಅಲ್ಲಿಗೆ ನಿಲ್ಲಿಸಬಹುದಿತ್ತು. ನಾನು ಹೇಳಿದೆ: "ಮೂಗು ಯಾಕ ನಂಬ್ತೀರಿ ಬೀಗರ, ಒಂದು ಗುಟುಕು ಕುಡದೇ ನೋಡಿಬಿಡ್ರಲ್ಲ. ಓ, ಮರತೆ ನೋಡ್ರಿ. ಮೊದ್ಲ ಮೊಮ್ಮಗ ಬರಬೇಕಲ್ಲ!"

ನನ್ನ ಸೊಸೆಗೆ ಒಮ್ಮೆ ಬಸಿರು ನಿಂತು, ಇಳಿದುಹೋಗಿತ್ತು. ಡಾಕ್ಟರುಗಳ ಬಾಗಿಲು ತಿರುಗುತ್ತಿದ್ದರು ಅವಳೂ ನನ್ನ ಮಗನೂ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ. ಅವಳು ಗ್ಲಾಸು ಹಿಡಿದುಕೊಂಡು ಪಾತ್ರೆ ತೊಳೆಯುವ ಮೋರಿಯ ಕಡೆ ತಿರುಗಿ ನಲ್ಲಿ ಬಿಟ್ಟಳು. ಬೀಗರು ಪೊಟ್ಟಣಗಳನ್ನು ಒಂದೊಂದಾಗಿ ಮಡಚಿ, ರಬ್ಬರ್ ಬ್ಯಾಂಡ್ ಹಾಕಿ, ಬಹಳ ಹೊತ್ತು ಮಡಚುತ್ತಲೇ ಇದ್ದರು. "ಬರ್ತಾನ್ರಿ, ಬರ್ತಾನ. ಯಾಕ ಬರಾಂಗಿಲ್ಲ?" ಎಂದರು ಕೊನೆಗೆ. ನನಗಲ್ಲ, ಮಗಳ ಬೆನ್ನಿಗೆ ಹೇಳಿದ್ದು.

ಅದಾದ ಮೇಲೂ ಅವರು ಬರುವುದನ್ನು ಬಿಡಲಿಲ್ಲ.

ಒಂದು ಬೇಸಿಗೆಯಲ್ಲಿ, ಅವರು ಹೊರಟುಹೋದ ಮೇಲೆ ನಾನು ಹಾಲು ತರಲೆಂದು ಕೆಳಗಿಳಿದೆ. ಗೇಟಿನ ಪಕ್ಕದ ಚಹಾದ ಟಪರಿಯಲ್ಲಿ ನಮ್ಮ ಬೀಗರು ನಿಂತಿದ್ದರು. ಕೈಯಲ್ಲಿ ಅರ್ಧ ಗ್ಲಾಸು ಕಟಿಂಗ್ ಚಹಾ. ಬೆಳಗಿನಿಂದ ಕುದಿದು ಕುದಿದು ಕಪ್ಪಾದ ಪುಡಿ, ಅದಕ್ಕೆ ಶುಂಠಿ, ಅಂಟುವಷ್ಟು ಸಕ್ಕರೆ. ಮೇಲೆ ನಮ್ಮ ಅಡುಗೆಮನೆಯಲ್ಲಿ ಅವರೇ ಮಾಡಿದ ಚಹಾ ಗ್ಲಾಸಿನಲ್ಲಿ ಇನ್ನೂ ಉಳಿದಿತ್ತು. ನನ್ನನ್ನು ಕಂಡು ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗಾದರು.

"ಗಂಟಲಾ ಒಣಗಿತ್ರಿ" ಎಂದರು. ಆಮೇಲೆ ಸಾವರಿಸಿಕೊಂಡು, "ಬರ್ರಿ ಬೀಗರ, ನೀವೂ ಒಂದು ತಗೋರಿ. ಇಲ್ಲಿ ನಾನೂ ಕುಡೀಬಹುದು, ನೀವೂ ಕುಡೀಬಹುದು. ಫುಟ್‌ಪಾತ್ ಯಾರ ಮಗಳ ಮನೀನೂ ಅಲ್ಲ" ಎಂದು ನಕ್ಕರು.

ಇಬ್ಬರೂ ಬಿಸಿಲಿನಲ್ಲಿ ನಿಂತು ಕುಡಿದೆವು. ಅವರು ಆ ಕೆಟ್ಟ ಚಹಾವನ್ನು ಕೊನೆಯ ಹನಿಯ ತನಕ ಕುಡಿದರು. ಗ್ಲಾಸು ಕೆಳಗಿಟ್ಟು, ರಸ್ತೆಯ ಕಡೆ ನೋಡುತ್ತ, "ಮನ್ಯಾಗ ಆಕಿ ಅವ್ವ ಹೋದ ಮ್ಯಾಲ ನನಗ ಚಹಾ ಮಾಡಿಕೊಡಾಂವ್ರು ಯಾರೂ ಇಲ್ರಿ. ಎಲ್ಲಾ ನಾನೇ ಮಾಡ್ಕೋಬೇಕು. ಮಗಳ ಕೈ ಭಾಳ ಚಲೋ ಪಳಗೈತಿ. ಒಮ್ಮಿ ಆಕಿ ಮನ್ಯಾಗ ಕೂತು ಆಕಿ ಕೈಯಾಂದು..." ಎಂದು ಅಲ್ಲಿಗೇ ನಿಲ್ಲಿಸಿದರು.

ಕೇಳಬಾರದ್ದನ್ನು ಕೇಳುವ ಹತ್ತಿರಕ್ಕೆ ಬಂದಿದ್ದರು. ಎಷ್ಟು ದಿನ ಆ ಮಾತನ್ನು ಬಾಯಲ್ಲಿ ಇಟ್ಟುಕೊಂಡಿದ್ದರೋ. ಟಪರಿಯವನ ಹತ್ತಿರ ಸಕ್ಕರೆ ಡಬ್ಬಿಯೇ ಇತ್ತು. ಕೈ ಚಾಚಿದ್ದರೆ ಆಗುತ್ತಿತ್ತು. ನಾನು, "ಹಿರ್ಯಾರು ಮಾಡಿದ್ದನ್ನ ನಾವು ಹೆಂಗ ಮುರಿಯೂದ್ರಿ? ದೇವರು ಕಣ್ಣು ಬಿಡ್ಲಿ, ನೋಡೂಣು" ಎಂದೆ.

"ಹೌದ್ರಿ, ಹೌದ್ರಿ" ಎಂದು ಅವರು ಚೀಲ ಹೆಗಲಿಗೇರಿಸಿದರು. ಆ ಮಾತನ್ನು ಮತ್ತೆಂದೂ ಎತ್ತಲಿಲ್ಲ.

ವರ್ಷಗಳು ಹೋದವು. ಮಗುವಾಗಲಿಲ್ಲ. ಹೋದ ವರ್ಷ ಬೀಗರಿಗೆ ಮೆಟ್ಟಿಲು ಹತ್ತಿದರೆ ಉಸಿರು ಸಿಗದಂತಾಯಿತು. ಹೃದಯ ಸೋತಿದೆ, ಒಬ್ಬರೇ ಇರಬಾರದು ಎಂದರು ಡಾಕ್ಟರು. ಭಾನುವಾರದ ಬರುವಿಕೆ ನಿಂತಿತು. ಸೊಸೆ ದಿನಾ ಕಾಂದಿವಲಿಯಿಂದ ವಡಾಲಕ್ಕೆ ಹೋಗಿ ಅಡುಗೆ ಮಾಡಿಟ್ಟು, ಔಷಧ ಕೊಟ್ಟು, ಗರ್ದಿಯ ಗಾಡಿಯಲ್ಲಿ ನಿಂತು ವಾಪಸು ಬರುತ್ತಿದ್ದಳು. ಮುಖ ಕಪ್ಪಿಟ್ಟಿತ್ತು. ಇಲ್ಲಿಗೇ ಬನ್ನಿ ಎಂದು ನನ್ನ ಮಗ ಹೋಗಿ ಕರೆದ. "ನೀರು ಮುಟ್ಟದ ಮನ್ಯಾಗ ಹಾಸಿಗಿ ಹೆಂಗ ಹಾಸ್ಲೆಪಾ?" ಎಂದು ಕಳಿಸಿಬಿಟ್ಟರು.

ಅವತ್ತು ಹೆಂಡತಿ ನನ್ನ ಕೈಯಿಂದ ಪೇಪರು ಕಿತ್ತುಕೊಂಡಳು. ಬೈಯಲಿಲ್ಲ. ಒಂದು ಕಾಗದದಲ್ಲಿ ಸಕ್ಕರೆ ಕಟ್ಟಿ ನನ್ನ ಅಂಗಿಯ ಕಿಸೆಗೆ ಹಾಕಿ, "ಹೋಗಿ ಬರ್ರಿ" ಎಂದಳು, ಅಷ್ಟೇ.

ವಡಾಲದ ಮನೆಗೆ ನಾನು ಹೋದದ್ದೇ ಅಪರೂಪ. ಬೀಗರು ಗೋಡೆ ಹಿಡಿದುಕೊಂಡು ಬಂದು ಬಾಗಿಲು ತೆಗೆದರು. ಎಷ್ಟು ಸಣ್ಣಗಾಗಿದ್ದರು! ಕಾಲು ಮಾತ್ರ ಬಾತಿತ್ತು. ನಾನು ಬೇಡವೆಂದರೂ ಕೇಳದೆ ಒಲೆಯ ಮುಂದೆ ಸ್ಟೂಲು ಹಾಕಿಕೊಂಡು ಕೂತು ಚಹಾ ಮಾಡಿದರು. ನೀರು ಕುದಿಯುವ ತನಕ ಅವರ ಉಸಿರಿನ ಸದ್ದೊಂದೇ. ಎರಡು ಬಟ್ಟಲಿಗೆ ಸೋಸಿದರು. ತಮ್ಮ ಮನೆಯಲ್ಲವೇ, ಕುಡಿದರು. ತಾವು ಮಾಡಿದ ಚಹಾವನ್ನು ಅವರು ಕುಡಿಯುವುದನ್ನು ನಾನು ನೋಡಿದ್ದು ಅದೊಂದೇ ಸಲ. ಮೊದಲ ಗುಟುಕನ್ನು ನುಂಗದೆ ಬಾಯಲ್ಲೇ ಇಟ್ಟುಕೊಂಡರು. ಕೆನ್ನೆಯ ಸುಕ್ಕುಗಳು ಒಂದೊಂದಾಗಿ ಸಡಿಲವಾದವು. ಆ ಮುಖವನ್ನು ನಾನು ಅಷ್ಟು ವರ್ಷ ಅವರ ಮಗಳಿಗೆ ಅವಳದೇ ಅಡುಗೆಮನೆಯಲ್ಲಿ ಕಾಣಗೊಡದೆ ಇಟ್ಟಿದ್ದೆ.

ನಾನು ಕಿಸೆಯಿಂದ ಪೊಟ್ಟಣ ತೆಗೆದೆ.

"ಬೀಗರ, ಬಾಯಿ ತಗೀರಿ. ನಂದು ತಪ್ಪಾತು. ನಾಳೆ ಟ್ಯಾಕ್ಸಿ ತರತೀನಿ, ನಮ್ಮ ಜೋಡಿ ಬಂದ್ಬಿಡ್ರಿ."

ಅವರಿಗೆ ತಕ್ಷಣ ತಿಳಿಯಿತು. ನನ್ನ ಕೈಯಲ್ಲಿದ್ದ ಸಕ್ಕರೆಯನ್ನೇ ನೋಡಿದರು. ಕಣ್ಣು ತುಂಬಿತು. ಆಮೇಲೆ ನನ್ನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಮುಚ್ಚಿದರು.

"ಲಗ್ನಾದ ಹೊಸದಾಗಿ ಕೊಟ್ಟಿದ್ರ ಇದು ಬರೇ ಸಕ್ಕರಿ ಆಗಿರ್ತಿತ್ರಿ" ಎಂದರು. "ಈಗ ಹಂಗಲ್ಲ. ಈಗ ನಾ ಇದನ್ನ ತಿಂದ್ರ, ಆಕಿಗೆ ಇನ್ನ ಮಕ್ಕಳಾಗೂದಿಲ್ಲ ಅಂತ ನಾವಿಬ್ರೂ ಮುದುಕರು ಕೂತು ತೀರ್ಪು ಬರದಂಗ ಆಗ್ತೈತಿ. ಆಕೀನೂ ಹಂಗೇ ತಿಳಕೋತಾಳ. ಆಕಿ ಸಲುವಾಗಿ ಆಸೆ ಹಿಡದಾಂವ ಒಬ್ಬನಾರ ಇರ್ಲಿ ಬಿಡ್ರಿ. ಅದು ನಾನೇ ಇರ್ಲಿ."

ಅವರೇ ಪೊಟ್ಟಣವನ್ನು ಮೊದಲಿನ ಮಡಿಕೆಯಲ್ಲೇ ಮಡಚಿ ನನ್ನ ಕಿಸೆಗೆ ಹಾಕಿ, "ಆಕಿಗೆ ಇದೆಲ್ಲಾ ಹೇಳಬ್ಯಾಡ್ರಿ, ನೊಂದ್ಕೋತಾಳ" ಎಂದರು. ಬಾಗಿಲ ತನಕ ಬಂದು ಕಳಿಸಿದರು.

ಗಾಡಿಯಲ್ಲಿ ಕೂತು ಬರುವಾಗ ತಿಳಿಯಿತು. ಅವರು ಹಠ ಹಿಡಿದದ್ದಲ್ಲ. ನಾನು ತಡಮಾಡಿ ತಡಮಾಡಿ, ಒಂದು ಮರ್ಯಾದೆಯ ಮಾತನ್ನು ಅವರ ಮಗಳ ಹಣೆಬರಹದ ಮಾತಾಗಿ ಮಾಡಿಬಿಟ್ಟಿದ್ದೆ.

ಮನೆಗೆ ಬಂದಾಗ ಸೊಸೆ ಬಾಗಿಲಲ್ಲೇ ನಿಂತಿದ್ದಳು. "ಏನಂದ್ರು ಮಾವಾರ?"

"ನಾ ಸಕ್ಕರಿ ಕೊಟ್ಟೆ. ಅವರೇ ಒಲ್ಲೆ ಅಂದ್ರು" ಎಂದೆ. ಪೊಟ್ಟಣದ ಸಕ್ಕರೆಯನ್ನು ಡಬ್ಬಿಗೆ ಸುರಿದೆ. ಹೇಳಬೇಡಿ ಎಂದು ಬೀಗರು ಅಂದಿದ್ದರಲ್ಲ, ಅದು ನನಗೆ ಒಳ್ಳೆಯ ಮರೆಯಾಯಿತು. ಅವಳ ಮುಖದಲ್ಲಿ ಅಪ್ಪನ ಮೇಲೆ ಸಿಟ್ಟು ಏರುವುದನ್ನು ನೋಡಿದೆ. ಆ ಸಿಟ್ಟು ನನ್ನ ಮೇಲೆ ಬರಲಿಲ್ಲವಲ್ಲ ಎಂದು ಸಮಾಧಾನಪಟ್ಟುಕೊಂಡೆ. ಅಷ್ಟು ಕೀಳಾದ ಸಮಾಧಾನವನ್ನು ನಾನು ಜೀವನದಲ್ಲಿ ಇನ್ನೆಂದೂ ಪಟ್ಟಿಲ್ಲ.

ಸ್ವಲ್ಪ ದಿನಗಳಲ್ಲೇ ಬೀಗರು ಹೋದರು. ಬೆಳಿಗ್ಗೆ ಸೊಸೆ ಇನ್ನೂ ಗಾಡಿಯಲ್ಲಿದ್ದಾಗ ಪಕ್ಕದ ಮನೆಯವರು ಫೋನು ಮಾಡಿದರು. ಅವಳು ತಲುಪುವಷ್ಟರಲ್ಲಿ ಮುಗಿದಿತ್ತು.

ಈಚೆಗೆ ಒಂದು ಭಾನುವಾರ ಅವಳು ಅಡುಗೆಮನೆಯಲ್ಲಿ ಎಲೆ ಚಹಾ ಮಾಡುತ್ತಿದ್ದಳು. ನಾನು ಕುರ್ಚಿಯಲ್ಲಿ ಕೂತಿದ್ದೆ. ಗ್ಲಾಸಿಗೆ ತಟ್ಟೆ ಮುಚ್ಚಿ, ನನ್ನ ಕಡೆ ತಿರುಗದೆಯೇ ಹೇಳಿದಳು: "ನಮ್ಮಪ್ಪ ಎಷ್ಟ ಹಠಮಾರಿ ಇದ್ರಲ್ರಿ ಮಾವಾರ. ನೀವಾಗೇ ಹೋಗಿ ಕರದ್ರೂ ಬರಲಿಲ್ಲ. ಈ ಮನ್ಯಾಗ ನನ್ನ ಕೈಯಾನ ಒಂದು ಕಪ್ ಚಾಯ್ ಕುಡೀಲಿಲ್ಲ. ಅಷ್ಟ ಇಗೋ ಯಾಕ ಬೇಕಿತ್ತು ಅವರಿಗೆ?"

ಬೀಗರು ಬೇಡವೆಂದದ್ದನ್ನು ಹೇಳುವುದು ತಪ್ಪೋ, ಅವರ ಹೆಸರು ಕೆಡಲು ಬಿಡುವುದು ತಪ್ಪೋ, ನಾನು ತೂಗಿ ನೋಡಲಿಲ್ಲ. "ಹಠಾ ನಂದವ್ವಾ, ಅವರದಲ್ಲ" ಎಂದೆ. ಮೊದಲ ದೀಪಾವಳಿಯಿಂದ ಹಿಡಿದು ಎಲ್ಲ ಹೇಳಿದೆ. ಟಪರಿಯದ್ದೂ ಹೇಳಿದೆ. ವಡಾಲದಲ್ಲಿ ಅವರು ನನ್ನ ಕೈ ಮುಚ್ಚಿ ಆಡಿದ ಮಾತನ್ನೂ ಹೇಳಿದೆ.

ಅವಳು ಒಲೆಯ ಕಟ್ಟೆ ಹಿಡಿದು ನಿಂತೇ ಇದ್ದಳು. ಗ್ಲಾಸಿನಲ್ಲಿ ಎಲೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೆನೆದು ಚಹಾ ಕಪ್ಪಾಯಿತು. ಅದನ್ನು ಅವಳು ಗಮನಿಸಲಿಲ್ಲ.

"ಅಪ್ಪ ಹೋಗೂ ಹಿಂದಿನ ದಿನ ನಾ ಅವರಿಗೆ ಬೈದು ಬಂದಿದ್ದೆ ಮಾವಾರ" ಎಂದಳು. "ನಿಮ್ಮ ಹಠದ ಸಲುವಾಗಿ ನಾ ದಿನಾ ಟ್ರೇನಿನ್ಯಾಗ ಸಾಯಾಕತ್ತೇನಿ ಅಂದೆ. ಅವರು ಹುಷಾರಾಗಿ ಹೋಗವಾ ಅಂದ್ರು, ಬಸ್."

ನಾನು ಕೈ ಮುಗಿದೆ. ಅವಳು ಅದನ್ನು ನೋಡಿದಳೋ ಇಲ್ಲವೋ. ಕ್ಷಮಿಸಿದೆ ಎಂದೂ ಅನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ. ನೆಲದ ಮೇಲೆ ಗೋಡೆಗೊರಗಿ ಕೂತು, ಮುಖ ಮಂಡಿಯ ಮೇಲಿಟ್ಟು, "ಇನ್ನೊಮ್ಮಿ ಹೇಳ್ರಿ. ಅಪ್ಪ ಏನಂದ್ರು?" ಎಂದಳು.

ಹೇಳಿದೆ. ಮತ್ತೆ ಕೇಳಿದಳು, ಮತ್ತೆ ಹೇಳಿದೆ. ಆಸೆ ಹಿಡಿದವನು ನಾನೇ ಇರಲಿ ಎಂಬಲ್ಲಿಗೆ ಬಂದಾಗ ಪ್ರತಿ ಸಲವೂ ನನ್ನ ದನಿ ಸೋಲುತ್ತಿತ್ತು. ಅವಳು ಕಾಯುತ್ತಿದ್ದಳು. ಪೂರ್ತಿ ಮಾಡುವ ತನಕ ಬಿಡುತ್ತಿರಲಿಲ್ಲ.

ಈಗಲೂ ಒಮ್ಮೊಮ್ಮೆ ಕೇಳುತ್ತಾಳೆ. ಬಟ್ಟೆ ಮಡಚುವಾಗಲೋ, ಕೆಲಸಕ್ಕೆ ಹೊರಡುವ ಮೊದಲೋ, ಇದ್ದಕ್ಕಿದ್ದ ಹಾಗೆ ಬಂದು ನನ್ನ ಎದುರು ನಿಲ್ಲುತ್ತಾಳೆ. ನಾನು ಏನು ಮಾಡುತ್ತಿದ್ದರೂ ಬಿಟ್ಟು, ಒಂದು ಮಾತೂ ಹೆಚ್ಚು ಕಡಿಮೆಯಾಗದಂತೆ, ಅವರು ಹೇಳಿದ ಹಾಗೆಯೇ ಹೇಳುತ್ತೇನೆ. ಅವರಿಗಾಗಿ ನಾನು ಮಾಡಬಲ್ಲದ್ದು ಇನ್ನು ಇದೊಂದೇ.